ಮೈಕೆಲ್ ಜಾಕ್ಸನ್ ನೆನಪಿನ ಸಂಜೆ: ಅವನ ಜೊತೆ ದುಡಿದವರಲ್ಲಿ ಯಾರನ್ನು ಬಿಡಬಾರದು?

ನಿಟುವಳ್ಳಿ ಕುಣಿತ
ಎಲ್ಲರಿಗೂ ನಮಸ್ಕಾರ. ಜೂನ್ 25 ಹತ್ತಿರ ಬರುತ್ತಿದೆ. 2009ರಲ್ಲಿ ಮೈಕೆಲ್ ಜಾಕ್ಸನ್ ತೀರಿಕೊಂಡ ದಿನ. ನಮ್ಮ ಬಡಾವಣೆಯ ತಂಡ ಪ್ರತಿ ವರ್ಷ ಆ ಸಂಜೆ ನೃತ್ಯ ಸ್ಪರ್ಧೆ ಇಡುತ್ತದೆ. ಕರಿ ಟೋಪಿ, ಒಂದು ಕೈಗೆ ಗವಸು, ಹಿಂದಕ್ಕೆ ಜಾರುವ ನಡಿಗೆ, ಸಿಳ್ಳೆ, ಬಹುಮಾನ. ಮಕ್ಕಳು ಚೆನ್ನಾಗಿಯೇ ಕುಣಿಯುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹಾಡಿಗೆ ಡ್ರಮ್ಸ್ ನುಡಿಸಿದವರು ಯಾರು, ಆ ಹೆಜ್ಜೆಯನ್ನು ಅವನಿಗೆ ತೋರಿಸಿದವರು ಯಾರು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ಈ ಸಲ ಸ್ಪರ್ಧೆ ಬೇಡ ಎಂದುಕೊಂಡಿದ್ದೇನೆ. ಹಾಡು ಹಾಕುವುದು, ನಡುವೆ ನಿಲ್ಲಿಸುವುದು, ಈ ಭಾಗ ಯಾರ ಕೈಯಿಂದ ಬಂತು ಎಂದು ಹೇಳುವುದು, ಮತ್ತೆ ಹಾಕುವುದು. ಎರಡು ಗಂಟೆಯ ಕಾರ್ಯಕ್ರಮ. ತಂಡದ ಹುಡುಗರು ಒಪ್ಪುತ್ತಿಲ್ಲ. ಜನ ಬರುವುದು ಮೈಕೆಲ್‌ಗಾಗಿ, ಹಿಂದೆ ನಿಂತವರ ಕಥೆ ಯಾರಿಗೆ ಬೇಕು ಎನ್ನುತ್ತಾರೆ. ನಾನು ಹೇಳುವುದೇನೆಂದರೆ, ಅವನು ಎಂಥವನು ಎಂಬುದಕ್ಕೆ ಸಾಕ್ಷಿ ಹೇಳಬಲ್ಲವರು ಅವನ ಪಕ್ಕದಲ್ಲಿ ಕೂತು ಕೆಲಸ ಮಾಡಿದವರೇ. ಪತ್ರಿಕೆಗಳ ಗಾಸಿಪ್ ಕೇಳಿ ಕೇಳಿ ಸಾಕಾಗಿದೆ.

ಯಾರನ್ನು ಸೇರಿಸಬೇಕು? ಕಾರಣ ಸಮೇತ ಹೇಳಿ.

ಮಂಡಿಪೇಟೆ ಕ್ಯಾಸೆಟ್
ಅವನ ಆಲ್ಬಂಗಳ ನಿರ್ಮಾಪಕ ಕ್ವಿನ್ಸಿ ಜೋನ್ಸ್. ಅಲ್ಲಿಗೆ ಮುಗಿಯಿತು.

ಮೈಕ್ ಸೆಟ್ ರಸ್ತೆ
ಅಲ್ಲಿಗೆ ಮುಗಿಯುವುದಿಲ್ಲ ಅಣ್ಣ. ಧ್ವನಿಮುದ್ರಣದ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಹೆಸರು ಹೇಳದೆ ಈ ಕಾರ್ಯಕ್ರಮ ಮಾಡಲೇಬೇಡಿ.

ನಾನು ಜಾತ್ರೆ, ಮದುವೆ, ಗಣಪತಿ ಪೆಂಡಾಲ್‌ಗಳಿಗೆ ಧ್ವನಿವರ್ಧಕ ಕೊಡುವವನು. ಈ ಮನುಷ್ಯನ ಕೆಲಸ ನನಗೆ ಗೊತ್ತಾದ ಮೇಲೆ 'ಬಿಲೀ ಜೀನ್' ಹಾಡನ್ನು ಕೇಳುವ ರೀತಿಯೇ ಬದಲಾಯಿತು. ಹಾಡು ಶುರುವಾಗುವುದೇ ಡ್ರಮ್ಸ್‌ನಿಂದ. ಮೂರ್ನಾಲ್ಕು ಪೆಟ್ಟು ಬೀಳುವಷ್ಟರಲ್ಲಿ ಯಾವ ಹಾಡು ಎಂದು ಗೊತ್ತಾಗುತ್ತದೆ. ಅದು ತಾನಾಗಿ ಬಂದದ್ದಲ್ಲ. ಸ್ವೀಡಿಯನ್ ಆ ಒಂದು ಹಾಡಿಗಾಗಿ ಡ್ರಮ್ಸ್ ಇಡಲು ಮರದ ವೇದಿಕೆ ಕಟ್ಟಿಸಿದರು. ದೊಡ್ಡ ಡ್ರಮ್‌ಗೆ ಜಿಪ್ ಇರುವ ಹೊದಿಕೆ ಹೊಲಿಸಿದರು. ಸ್ನೇರ್ ಎಂಬ ಸಣ್ಣ ಡ್ರಮ್‌ಗೂ ಹೈಹ್ಯಾಟ್ ಎಂಬ ಜೋಡಿ ತಾಳಕ್ಕೂ ನಡುವೆ ಒಂದು ಚಪ್ಪಟೆ ಹಲಗೆ ನಿಲ್ಲಿಸಿದರು, ಒಂದರ ಸದ್ದು ಇನ್ನೊಂದರ ಮೈಕಿಗೆ ಹೋಗಬಾರದೆಂದು. ನುಡಿಸಿದವರು ಲಿಯಾನ್ ಎನ್‌ಡುಗು ಚಾನ್ಸ್ಲರ್.

ಮೈಕೆಲ್ ಹಾಡುವಾಗ ಸುಮ್ಮನೆ ನಿಲ್ಲುವವನಲ್ಲ. ಕಾಲು ಕುಟ್ಟುತ್ತಾನೆ, ಚಿಟಿಕೆ ಹೊಡೆಯುತ್ತಾನೆ. ಬೇರೆ ಎಂಜಿನಿಯರ್ ಆಗಿದ್ದರೆ ಸದ್ದು ಮಾಡಬೇಡಿ ಎನ್ನುತ್ತಿದ್ದರು. ಸ್ವೀಡಿಯನ್ ಅವನನ್ನು ಹಲಗೆಯ ಮೇಲೆ ನಿಲ್ಲಿಸಿ ಆ ಸದ್ದನ್ನೂ ಸೇರಿಸಿಯೇ ಮುದ್ರಿಸಿಕೊಂಡರು. ಅದೇ ಹಾಡಿನಲ್ಲಿ ಒಂದು ಕಡೆ ಅವನು ಉದ್ದನೆಯ ರಟ್ಟಿನ ಕೊಳವೆಯ ಮೂಲಕ ಹಾಡಿದ್ದಾನೆ. ಅದು ಎಲ್ಲಿ ಬರುತ್ತದೆ ಎಂದು ಮಕ್ಕಳ ಕೈಯಲ್ಲಿ ಹುಡುಕಿಸಿ, ಪರಿಣಾಮ ಹೇಗಿರುತ್ತದೆ ನೋಡಿ.

ಇನ್ನೊಂದು. ಆ ಹಾಡಿನ ಮಿಶ್ರಣವನ್ನು, ಅಂದರೆ ಎಲ್ಲ ಸದ್ದುಗಳನ್ನು ಹದವಾಗಿ ಕೂಡಿಸುವ ಕೆಲಸವನ್ನು, 91 ಸಲ ಮಾಡಿದರು. ಕೊನೆಗೆ ಎಲ್ಲರೂ ಕೂತು ಕೇಳಿ ಆರಿಸಿದ್ದು 2ನೆಯದನ್ನು. ಲೋಕ ಕೇಳುತ್ತಿರುವುದು ಅದನ್ನೇ.

ಪಿ.ಬಿ. ರಸ್ತೆ ಪಯಣಿಗ
91 ಸಲ ಮಾಡಿ 2ನೆಯದಕ್ಕೆ ಹಿಂತಿರುಗಿದರು ಎಂದರೆ 89 ಸಲದ ಶ್ರಮ ವ್ಯರ್ಥ ತಾನೇ? ಇದರಲ್ಲಿ ಹೊಗಳಲು ಏನಿದೆ?

ಮೈಕ್ ಸೆಟ್ ರಸ್ತೆ
ವ್ಯರ್ಥ ಹೇಗಾಗುತ್ತದೆ? 2ನೆಯದೇ ಸರಿ ಎಂದು ಧೈರ್ಯವಾಗಿ ಹೇಳಬೇಕಾದರೆ ಉಳಿದದ್ದನ್ನು ಕೇಳಿರಬೇಕಲ್ಲ. ನೀವು ಹೆಣ್ಣು ನೋಡಲು ಹೋದಾಗಿನ ಲೆಕ್ಕ ಹಾಕಬೇಡಿ, ಇದು ಕಿವಿಯ ಕೆಲಸ.

ಮಂಡಿಪೇಟೆ ಕ್ಯಾಸೆಟ್
ಕ್ವಿನ್ಸಿ ಹೆಸರು ಒಂದೇ ಸಾಲಿನಲ್ಲಿ ಹೇಳಿದ್ದು ಏಕೆಂದರೆ ಅವರ ಬಗ್ಗೆ ಹೇಳಲು ಕೂತರೆ ರಾತ್ರಿಯಾಗುತ್ತದೆ. ಆದರೂ ಬರೆಯುತ್ತೇನೆ.

1978ರ 'ದಿ ವಿಜ್' ಸಿನಿಮಾದಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. ಮೈಕೆಲ್ ಆಗ ತನ್ನದೇ ಆಲ್ಬಂ ಮಾಡುವ ಯೋಚನೆಯಲ್ಲಿದ್ದ. ನನಗೊಬ್ಬ ಒಳ್ಳೆಯ ನಿರ್ಮಾಪಕರನ್ನು ಸೂಚಿಸಿ ಎಂದು ಕ್ವಿನ್ಸಿಯನ್ನು ಕೇಳಿದ. ಕ್ವಿನ್ಸಿ ತಾವೇ ಮಾಡುವುದಾಗಿ ಮುಂದೆ ಬಂದರು. ಧ್ವನಿಮುದ್ರಣ ಸಂಸ್ಥೆಯವರಿಗೆ ಇಷ್ಟವಿರಲಿಲ್ಲ, ಇವರು ಜಾಝ್‌ನವರು, ಇವರಿಂದಾಗದು ಎಂದರು. ಮೈಕೆಲ್ ಜಗ್ಗಲಿಲ್ಲ. 1979ರಲ್ಲಿ 'ಆಫ್ ದಿ ವಾಲ್', 1982ರಲ್ಲಿ 'ಥ್ರಿಲ್ಲರ್', 1987ರಲ್ಲಿ 'ಬ್ಯಾಡ್'. ಮೂರೂ ಇವರಿಬ್ಬರ ಜೋಡಿಯವು.

ಕ್ವಿನ್ಸಿ ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು. ಹುಡುಗ ಎಷ್ಟು ಸಂಕೋಚದವನೆಂದರೆ ಇವರ ಮುಂದೆ ಹಾಡಬೇಕಾದಾಗ ಸೋಫಾದ ಹಿಂದೆ ಬೆನ್ನು ತಿರುಗಿಸಿ ಕೂರುತ್ತಿದ್ದ. ದೀಪ ಆರಿಸಿ, ಕ್ವಿನ್ಸಿ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂರಬೇಕಿತ್ತು. ಸಾವಿರಾರು ಜನರ ಮುಂದೆ ಬೆಂಕಿಯಂತೆ ಕುಣಿಯುವವನು! ಇಂಥದ್ದನ್ನು ಹತ್ತಿರ ಕೂತವರಲ್ಲದೆ ಬೇರೆ ಯಾರು ಹೇಳಬಲ್ಲರು?

ನಾನು ಮಂಡಿಪೇಟೆಯ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಕಾಲೇಜು ಹುಡುಗರು ಖಾಲಿ ಕ್ಯಾಸೆಟ್ ತಂದು ಇಂಗ್ಲಿಷ್ ಹಾಡು ತುಂಬಿಸಿಕೊಡಿ ಎನ್ನುತ್ತಿದ್ದರು. ಚೀಟಿಯಲ್ಲಿ ಹಾಡಿನ ಹೆಸರಿನ ಬದಲು 'ಮೈಕೆಲ್, 60 ನಿಮಿಷ' ಎಂದಷ್ಟೇ ಇರುತ್ತಿತ್ತು. ಆಗ ಮೂಲ ಕ್ಯಾಸೆಟ್‌ನ ಒಳಗಿನ ಮಡಚಿದ ಕಾಗದ ಬಿಡಿಸಿ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ನನಗೆ ಹತ್ತಿತು. ಕ್ವಿನ್ಸಿ, ಸ್ವೀಡಿಯನ್, ರಾಡ್ ಟೆಂಪರ್ಟನ್, ಕೀಬೋರ್ಡ್ ವಾದಕ ಗ್ರೆಗ್ ಫಿಲಿಂಗೇನ್ಸ್, ಈ ಹೆಸರುಗಳೆಲ್ಲ ನನಗೆ ಅಲ್ಲಿ ಸಿಕ್ಕವು. ಕ್ವಿನ್ಸಿ 2024ರ ನವೆಂಬರ್‌ನಲ್ಲಿ ತೀರಿಕೊಂಡರು, 91 ವರ್ಷ. ಅವತ್ತು ಮನೆಯಲ್ಲಿ ಮೂರೂ ಆಲ್ಬಂಗಳನ್ನು ಸಾಲಾಗಿ ಹಾಕಿ ಕೇಳಿದೆ.

ದುರ್ಗದ ಕೀಬೋರ್ಡ್
ಚಿತ್ರದುರ್ಗದಿಂದ ನಮಸ್ಕಾರ. ಕ್ಯಾಸೆಟ್ ಅಣ್ಣ ಟೆಂಪರ್ಟನ್ ಹೆಸರು ಹೇಳಿ ಹಾಗೇ ಬಿಟ್ಟರಲ್ಲ, ಅನ್ಯಾಯ. ಇಂಗ್ಲೆಂಡಿನ ಕ್ಲೀಥೋರ್ಪ್ಸ್ ಎಂಬ ಕಡಲ ತೀರದ ಊರಿನವರು. ಮೀನು ಹೆಪ್ಪುಗಟ್ಟಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಆಮೇಲೆ ಹೀಟ್‌ವೇವ್ ಎಂಬ ತಂಡದಲ್ಲಿ ಕೀಬೋರ್ಡ್ ನುಡಿಸಿದರು, ಅಲ್ಲಿಂದ ಕ್ವಿನ್ಸಿ ಕಣ್ಣಿಗೆ ಬಿದ್ದರು. 'ಥ್ರಿಲ್ಲರ್' ಹಾಡು ಇವರದು. ಮೊದಲು ಅದರ ಪಲ್ಲವಿಯಲ್ಲಿ ಆ ಪದವೇ ಇರಲಿಲ್ಲ, 'ಸ್ಟಾರ್‌ಲೈಟ್' ಎಂದಿತ್ತು. ಕೊನೆಯಲ್ಲಿ ಭೂತದ ದನಿಯಲ್ಲಿ ಮಾತಾಡುವವರು ಹಾಲಿವುಡ್ ನಟ ವಿನ್ಸೆಂಟ್ ಪ್ರೈಸ್. ಅವರು ಹೇಳಬೇಕಾದ ಸಾಲುಗಳನ್ನು ಟೆಂಪರ್ಟನ್ ಸ್ಟುಡಿಯೋಗೆ ಹೋಗುವ ಟ್ಯಾಕ್ಸಿಯಲ್ಲಿ ಕೂತು ಬರೆದು ಮುಗಿಸಿದರು.

ಸ್ಟುಡಿಯೋ ಬಿಟ್ಟರೆ ಎಲ್ಲಿಯೂ ಮುಖ ತೋರಿಸದ ಮನುಷ್ಯ. 2016ರಲ್ಲಿ ಸದ್ದಿಲ್ಲದೆ ಹೋದರು.

ಇನ್ನೊಂದು ಹೇಳಲೇಬೇಕು. 'ಹ್ಯೂಮನ್ ನೇಚರ್' ಹಾಡು ಆ ಆಲ್ಬಂಗೆ ಬಂದದ್ದು ಟೇಪ್ ರೆಕಾರ್ಡರ್ ದಯೆಯಿಂದ. ಟೋಟೋ ತಂಡದ ಡೇವಿಡ್ ಪೇಚ್ ಕೆಲವು ಹಾಡುಗಳ ಮಾದರಿಯನ್ನು ಕ್ವಿನ್ಸಿಗೆ ಕ್ಯಾಸೆಟ್‌ನಲ್ಲಿ ಕಳಿಸಿದ್ದರು. ಅದೇ ಕ್ಯಾಸೆಟ್‌ನ ಇನ್ನೊಂದು ಬದಿಯಲ್ಲಿ ಅದೇ ತಂಡದ ಸ್ಟೀವ್ ಪೋರ್ಕಾರೋ ಗುನುಗಿಟ್ಟ ಒಂದು ಅರೆಬರೆ ಹಾಡಿತ್ತು. ಮಗಳನ್ನು ಶಾಲೆಯಲ್ಲಿ ಯಾವನೋ ಹುಡುಗ ತಳ್ಳಿದ ಎಂದು ಅವಳು ಅತ್ತುಕೊಂಡು ಬಂದಾಗ ಸಮಾಧಾನಕ್ಕೆ ಹುಟ್ಟಿದ್ದು. ಕ್ವಿನ್ಸಿ ಕೇಳುತ್ತಿದ್ದ ಯಂತ್ರ ಒಂದು ಬದಿ ಮುಗಿದ ಕೂಡಲೇ ತಾನೇ ಮಗುಚಿ ಇನ್ನೊಂದು ಬದಿಯನ್ನು ನುಡಿಸಿತು. ಕಳಿಸಿದ ಹಾಡುಗಳು ಉಳಿಯಲಿಲ್ಲ, ಇದು ಉಳಿಯಿತು. ಸಾಹಿತ್ಯವನ್ನು ಜಾನ್ ಬೆಟಿಸ್ ಕೈಯಲ್ಲಿ ಬರೆಸಿದರು.

ಮಂಡಿಪೇಟೆ ಕ್ಯಾಸೆಟ್
ತಾನೇ ಬದಿ ಬದಲಿಸುವ ಟೇಪ್ ರೆಕಾರ್ಡರ್ ನಮ್ಮ ಅಂಗಡಿಗೆ ಬಂದಾಗ ಜನ ಅದನ್ನು ನೋಡಲೆಂದೇ ಬರುತ್ತಿದ್ದರು. ದುರ್ಗದ ತಮ್ಮ, ಈ ಕಥೆ ಕಾರ್ಯಕ್ರಮದಲ್ಲಿ ನೀವೇ ಬಂದು ಹೇಳಬೇಕು.

ಬಾಪೂಜಿ ಹಾಸ್ಟೆಲ್
ಎಲ್ಲವೂ ಸರಿ. ಆದರೆ ಡ್ರಮ್ಸ್ ಎನ್‌ಡುಗುವಿನದು, ಹಾಡು ಟೆಂಪರ್ಟನ್‌ನದು, ಧ್ವನಿ ಸ್ವೀಡಿಯನ್‌ನದು, ಯೋಜನೆ ಕ್ವಿನ್ಸಿಯದು. ಹಾಗಾದರೆ ಮೈಕೆಲ್ ಮಾಡಿದ್ದೇನು? ನೀವೆಲ್ಲ ಸೇರಿ ಅವನನ್ನು ಚಿಕ್ಕವನನ್ನಾಗಿ ಮಾಡುತ್ತಿದ್ದೀರಿ. ಹುಡುಗರು ಹೇಳುವುದರಲ್ಲಿ ಅರ್ಥವಿದೆ.

ದುರ್ಗದ ಕೀಬೋರ್ಡ್
ಚಿಕ್ಕವನಾಗುವುದಿಲ್ಲ, ಸ್ವಾಮಿ. 'ಥ್ರಿಲ್ಲರ್' ಆಲ್ಬಂನ 9 ಹಾಡುಗಳಲ್ಲಿ 4 ಅವನೇ ಬರೆದವು. 'ಬಿಲೀ ಜೀನ್', 'ಬೀಟ್ ಇಟ್' ಎರಡೂ ಅವನವು. ಸ್ವರಲಿಪಿ ಓದಲು, ಬರೆಯಲು ಬಾರದು, ಯಾವ ವಾದ್ಯದಲ್ಲೂ ಹೆಸರು ಮಾಡಿದವನಲ್ಲ. ಹಾಗಿದ್ದರೂ ಇಡೀ ಹಾಡು ತಲೆಯಲ್ಲಿ ಇರುತ್ತಿತ್ತು. ಡ್ರಮ್ಸ್ ಹೀಗೆ, ಬೇಸ್ ಹೀಗೆ, ತಂತಿವಾದ್ಯಗಳು ಹೀಗೆ ಎಂದು ಒಂದೊಂದನ್ನೂ ಬಾಯಲ್ಲಿ ನುಡಿಸಿ ಟೇಪಿಗೆ ತುಂಬಿಸಿ ವಾದಕರಿಗೆ ಕೊಡುತ್ತಿದ್ದ. 1994ರಲ್ಲಿ ಹಾಡಿನ ಹಕ್ಕಿನ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಹೇಳಬೇಕಾಗಿ ಬಂದಾಗ, ಹಾಡು ಹೇಗೆ ಹುಟ್ಟುತ್ತದೆ ಎಂಬುದನ್ನು ಹಾಗೆಯೇ ಬಾಯಲ್ಲಿ ಮಾಡಿ ತೋರಿಸಿದ. ಆ ಧ್ವನಿಮುದ್ರಣ ಇವತ್ತಿಗೂ ಸಿಗುತ್ತದೆ.

ನಾನು ಇಪ್ಪತ್ತು ವರ್ಷದಿಂದ ಆರ್ಕೆಸ್ಟ್ರಾದಲ್ಲಿದ್ದೇನೆ. ತನಗೆ ಏನು ಬೇಕು ಎಂದು ವಾದಕನಿಗೆ ಬಾಯಲ್ಲಿ ನುಡಿಸಿ ತೋರಿಸಬಲ್ಲ ಗಾಯಕರು ಎಷ್ಟು ಜನ ಸಿಗುತ್ತಾರೆ? ನನಗೆ ಸಿಕ್ಕವರೆಲ್ಲ 'ಸ್ವಲ್ಪ ಮೇಲೆ ಎತ್ತಿ', 'ಸ್ವಲ್ಪ ಇಳಿಸಿ' ಎನ್ನುವವರೇ.

ಮೈಕ್ ಸೆಟ್ ರಸ್ತೆ
ಅದಕ್ಕೆ ಸೇರಿಸುತ್ತೇನೆ. 'ಬಿಲೀ ಜೀನ್' ಆರಂಭದಲ್ಲಿ ಹಾಡು ಶುರುವಾಗುವ ಮೊದಲು ಸುಮಾರು ಅರ್ಧ ನಿಮಿಷ ಬರೀ ವಾದ್ಯ. ಅದು ಬಹಳ ಉದ್ದವಾಯಿತು, ಕತ್ತರಿಸೋಣ ಎಂದದ್ದು ಕ್ವಿನ್ಸಿ. ಬೇಡ, ಅದನ್ನು ಕೇಳಿದರೆ ಕುಣಿಯಬೇಕು ಅನ್ನಿಸುತ್ತದೆ ಎಂದವನು ಮೈಕೆಲ್. ಕ್ವಿನ್ಸಿಯೇ ಹೇಳಿಕೊಂಡಿದ್ದಾರೆ: ಮೈಕೆಲ್ ಜಾಕ್ಸನ್‌ಗೇ ಕುಣಿಯಬೇಕು ಅನ್ನಿಸಿದರೆ ಉಳಿದವರು ಸುಮ್ಮನಿರಬೇಕಾಗುತ್ತದೆ ಎಂದು. ಗುರು ಹೇಳಿದ್ದಕ್ಕೆ ಬೇಡ ಎನ್ನುವ ಧೈರ್ಯವಿದ್ದ ಶಿಷ್ಯ ಅವನು, ಶಿಷ್ಯನ ಮಾತು ಕೇಳುವ ದೊಡ್ಡತನವಿದ್ದ ಗುರು ಇವರು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕೆ.ಬಿ. ಬಡಾವಣೆ ಹೊಲಿಗೆ
ಬಟ್ಟೆ ಹೊಲಿದವರನ್ನು ಎಲ್ಲರೂ ಮರೆತಿರಿ. ಮೈಕೆಲ್ ಬುಷ್ ಮತ್ತು ಡೆನಿಸ್ ಟಾಂಪ್ಕಿನ್ಸ್. 1985ರ ಸುಮಾರಿನಿಂದ ಕೊನೆಯವರೆಗೂ ಅವನ ಉಡುಪು ಇವರಿಬ್ಬರದೇ. ಕುಣಿಯುವವನಿಗೆ ಹೊಲಿಯುವುದು ಮದುಮಗನಿಗೆ ಸೂಟು ಹೊಲಿದಂತಲ್ಲ. ಕೈ ಮೇಲೆತ್ತಿದಾಗ ಜಾಕೆಟ್ ಮೇಲಕ್ಕೆ ಹೋಗಬಾರದು, ಕಂಕುಳಲ್ಲಿ ಬಿರಿಯಬಾರದು, ಬೆವರಿಗೆ ಅಂಟಬಾರದು, ದೂರದಲ್ಲಿ ಕೂತವರಿಗೂ ಮೈಯ ಗೆರೆ ಕಾಣಬೇಕು.

ನಮ್ಮ ತಂದೆ ಟೈಲರ್. ನನ್ನ ಅಣ್ಣ ಕಾಲೇಜಿನ ವಾರ್ಷಿಕೋತ್ಸವಕ್ಕೆ ಕೆಂಪು ಜಾಕೆಟ್ ಬೇಕೆಂದು ಹಟ ಹಿಡಿದ. ಚರ್ಮ ತರಲು ದುಡ್ಡೆಲ್ಲಿ? ಸ್ಕೂಟರ್ ಸೀಟಿಗೆ ಹಾಕುವ ಕೆಂಪು ರೆಕ್ಸಿನ್ ತಂದರು. ದಪ್ಪ ಸೂಜಿ ಹಾಕಿದರೂ ಹೊಲಿಗೆ ಯಂತ್ರದ ಕಾಲಿನ ಕೆಳಗೆ ರೆಕ್ಸಿನ್ ಜಾರುತ್ತಿರಲಿಲ್ಲ, ಅಂಟಿಕೊಳ್ಳುತ್ತಿತ್ತು. ತಂದೆ ಅದರ ಮೇಲೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಕಾಗದ ಹರಿದು ತೆಗೆದರು. ಭುಜದಿಂದ ಎದೆಗೆ ಇಳಿಯುವ ಕಪ್ಪು ಪಟ್ಟಿಗೆ ಕೊಡೆಯ ಬಟ್ಟೆ. ಅಣ್ಣನಿಗೆ ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ತಂದೆಯ ಹೆಸರನ್ನು ಯಾರೂ ಹೇಳಲಿಲ್ಲ, ಅಣ್ಣನೂ ಹೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ನಿಟುವಳ್ಳಿ ಅಣ್ಣ, ನಿಮ್ಮ ಕಾರ್ಯಕ್ರಮ ಹೀಗೆಯೇ ನಡೆಯಲಿ, ಹುಡುಗರ ಮಾತು ಕೇಳಬೇಡಿ.

ಪಿ.ಬಿ. ರಸ್ತೆ ಪಯಣಿಗ
ಅಕ್ಕ, ನಿಮ್ಮ ತಂದೆಯವರ ವಿಷಯ ಓದಿ ಮನಸ್ಸು ತುಂಬಿತು. ಆದರೆ 'ಥ್ರಿಲ್ಲರ್' ಕೆಂಪು ಜಾಕೆಟ್ ಬುಷ್ ಅವರದ್ದಲ್ಲವಲ್ಲ?

ಕೆ.ಬಿ. ಬಡಾವಣೆ ಹೊಲಿಗೆ
ಬುಷ್ ಅವರದ್ದು ಎಂದು ನಾನು ಹೇಳಿಯೇ ಇಲ್ಲ. ಅದನ್ನು ವಿನ್ಯಾಸ ಮಾಡಿದವರು ಡೆಬೊರಾ ನಾಡೂಲ್ಮನ್ ಲ್ಯಾಂಡಿಸ್, 'ಥ್ರಿಲ್ಲರ್' ಹಾಡಿನ ಕಿರುಚಿತ್ರದ ನಿರ್ದೇಶಕ ಜಾನ್ ಲ್ಯಾಂಡಿಸ್ ಅವರ ಪತ್ನಿ. ಕತ್ತಲಲ್ಲಿ ಅಷ್ಟು ಭೂತಗಳ ನಡುವೆ ಅವನೊಬ್ಬನೇ ಎದ್ದು ಕಾಣಲಿ ಎಂದು ಕೆಂಪು. ಭೂತಗಳ ಮುಖಕ್ಕೆ ಬಣ್ಣ ರಿಕ್ ಬೇಕರ್ ಅವರದು. ಬೇಕಾದರೆ ಇಬ್ಬರನ್ನೂ ಪಟ್ಟಿಗೆ ಸೇರಿಸಿ.

ಬಾಪೂಜಿ ಹಾಸ್ಟೆಲ್
ಬುಷ್ ಹೆಸರು ಬಂದದ್ದಕ್ಕೆ ನೆನಪಾಯಿತು. ಮೈಕೆಲ್ ಮೈ ನೆಟ್ಟಗಿಟ್ಟು ಮುಂದಕ್ಕೆ ಬಾಗಿ ನಿಲ್ಲುವುದು ಹಗ್ಗದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ, ಅಲ್ಲವೇ?

ಎಂಬಿಬಿಎಸ್ ಎರಡನೇ ಸಾಲು
ಚಿತ್ರೀಕರಣದಲ್ಲಿ ತಂತಿ ಕಟ್ಟಿದ್ದರು, ನಿಜ. 'ಸ್ಮೂತ್ ಕ್ರಿಮಿನಲ್' ಹಾಡನ್ನು ವೇದಿಕೆಯಲ್ಲಿ ಮಾಡುವಾಗ ಅದು ಬೂಟಿನ ಕೆಲಸ. ಹಿಮ್ಮಡಿಯಲ್ಲಿ ಸೀಳಿರುತ್ತದೆ. ಸರಿಯಾದ ಕ್ಷಣಕ್ಕೆ ನೆಲದಿಂದ ಒಂದು ಮೊಳೆ ಮೇಲೆ ಬರುತ್ತದೆ, ಕಾಲನ್ನು ಜಾರಿಸಿ ಸೀಳನ್ನು ಅದಕ್ಕೆ ಸಿಕ್ಕಿಸಬೇಕು. 1993ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದರಲ್ಲಿ ಮೂರು ಹೆಸರಿವೆ: ಜಾಕ್ಸನ್, ಬುಷ್, ಟಾಂಪ್ಕಿನ್ಸ್. ದರ್ಜಿಗಳ ಹೆಸರು ಸಂಶೋಧಕರ ಸಾಲಿನಲ್ಲಿ!

ಇದರ ಬಗ್ಗೆ ನಮ್ಮ ದೇಶದ ವೈದ್ಯರೇ ಬರೆದಿದ್ದಾರೆ. ಚಂಡೀಗಢದ ಪಿಜಿಐ ಆಸ್ಪತ್ರೆಯ ನರಶಸ್ತ್ರಚಿಕಿತ್ಸಕರು 2018ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಾಮಾನ್ಯರು ಬೆನ್ನು ನೆಟ್ಟಗಿಟ್ಟು ಸುಮಾರು 20 ಡಿಗ್ರಿ ಬಾಗಬಹುದು, ಮೈಕೆಲ್ 45 ಡಿಗ್ರಿ ಬಾಗುತ್ತಿದ್ದ. ಬೂಟು ಹಿಡಿದುಕೊಂಡ ಮಾತ್ರಕ್ಕೆ ಆಗುವುದಿಲ್ಲ. ಬೆನ್ನು ಮತ್ತು ಕಾಲಿನ ಸ್ನಾಯುಗಳಲ್ಲಿ ಆ ಬಲವಿಲ್ಲದಿದ್ದರೆ ಹಿಮ್ಮಡಿಯ ಸ್ನಾಯುರಜ್ಜುವೇ (ಟೆಂಡನ್) ಕಿತ್ತುಹೋಗಬಹುದು. ಸ್ಪರ್ಧೆಗೆ ಬರುವ ಮಕ್ಕಳು ಬೂಟಿಗೆ ಬೋಲ್ಟ್ ಹಾಕಿಸಿಕೊಳ್ಳಲು ಹೋಗುತ್ತಾರೆ ಎಂದು ಕೇಳಿದ್ದೇನೆ. ದಯವಿಟ್ಟು ತಡೆಯಿರಿ.

ನಿಟುವಳ್ಳಿ ಕುಣಿತ
ಹೌದು ಸರ್, ನಮ್ಮಲ್ಲೇ ಒಬ್ಬ ಹುಡುಗ ವೆಲ್ಡಿಂಗ್ ಅಂಗಡಿಗೆ ಹೋಗಿ ಬೂಟು ಕೊಟ್ಟು ಬಂದಿದ್ದ. ವಾಪಸ್ ತರಿಸಿದ್ದೇವೆ.

ಮುಂಬಯಿ ವಾಪಸ್
ನಾನು ಅವನನ್ನು ಕಣ್ಣಾರೆ ನೋಡಿದ್ದೇನೆ. 1996ರ ನವೆಂಬರ್ 1, ಮುಂಬಯಿಯ ಅಂಧೇರಿ ಕ್ರೀಡಾ ಸಂಕೀರ್ಣ. ಆಗ ಅಲ್ಲಿ ಬಟ್ಟೆ ವ್ಯಾಪಾರದವರ ಬಳಿ ಕೆಲಸಕ್ಕಿದ್ದೆ. ವಿಮಾನ ನಿಲ್ದಾಣದಲ್ಲಿ ಸೋನಾಲಿ ಬೇಂದ್ರೆ ಆರತಿ ಎತ್ತಿ ಬರಮಾಡಿಕೊಂಡದ್ದು ಪತ್ರಿಕೆಯಲ್ಲೆಲ್ಲ ಬಂದಿತ್ತು. ವೇದಿಕೆಯಲ್ಲಿ ಬಾಹ್ಯಾಕಾಶ ನೌಕೆಯಂಥದ್ದರಿಂದ ಇಳಿದು ಅಲುಗಾಡದೆ ನಿಂತ. ಜನ ಕೂಗುತ್ತಲೇ ಇದ್ದರು, ಅವನು ನಿಂತೇ ಇದ್ದ.

ಆದರೆ ಆಮೇಲೆ ನನ್ನ ಕಣ್ಣು ಹಿಂದೆ ಕೂತ ಡ್ರಮ್ಸ್‌ನವರ ಮೇಲೆಯೇ ನೆಟ್ಟಿತು. ಹೆಸರು ಜೊನಾಥನ್ ಮೊಫೆಟ್ ಎಂದು ಆಮೇಲೆ ತಿಳಿಯಿತು. ಮೈಕೆಲ್ ಭುಜ ಅಲ್ಲಾಡಿಸಿದರೆ ಅಲ್ಲಿ ಪೆಟ್ಟು, ತಲೆ ತಿರುಗಿಸಿದರೆ ಅಲ್ಲಿ ಪೆಟ್ಟು. ಅವನ ಬೆನ್ನನ್ನು ನೋಡಿಕೊಂಡೇ ನುಡಿಸಬೇಕು, ಮುಖ ಕಾಣುವುದಿಲ್ಲ. ಲಂಡನ್ನಿನ 50 ಪ್ರದರ್ಶನಗಳಿಗೆಂದು 2009ರಲ್ಲಿ ಮಾಡಿದ ತಾಲೀಮಿನಲ್ಲೂ ಡ್ರಮ್ಸ್‌ಗೆ ಇವರೇ ಇದ್ದರು. ಆ ತಾಲೀಮಿನ ಸಿನಿಮಾ ನೋಡಿ. ಮೈಕೆಲ್ ಯಾರ ಮೇಲೂ ಹರಿಹಾಯುವುದಿಲ್ಲ. ತಪ್ಪಾದರೆ ನಿಲ್ಲಿಸುತ್ತಾನೆ, ಮೆತ್ತಗೆ ಹೇಳುತ್ತಾನೆ, ಮತ್ತೆ ಶುರು. ಒರಿಯಾಂತಿ ಎಂಬ ಆಸ್ಟ್ರೇಲಿಯಾದ ಚಿಕ್ಕ ವಯಸ್ಸಿನ ಗಿಟಾರ್ ವಾದಕಿಯನ್ನು ಮುಂದಕ್ಕೆ ಕರೆದು, ಇದು ನೀನು ಮಿಂಚುವ ಹೊತ್ತು ಎಂದು ಹುರಿದುಂಬಿಸುತ್ತಾನೆ. ಅವನ ಸ್ವಭಾವ ನನಗೆ ತಿಳಿದದ್ದು ಅಲ್ಲಿ.

ಮಂಡಿಪೇಟೆ ಕ್ಯಾಸೆಟ್
ಮುಂಬಯಿ ಅಣ್ಣ, ಟಿಕೆಟ್ ಚೂರು ಇಟ್ಟುಕೊಂಡಿದ್ದೀರಾ? ಕಾರ್ಯಕ್ರಮದಲ್ಲಿ ತೋರಿಸಬಹುದು.

ಮುಂಬಯಿ ವಾಪಸ್
ಇದೆ, ತರುತ್ತೇನೆ.

ಹಗೇದಿಬ್ಬ ಹುಡುಗ
ನಮ್ಮ ಪ್ರಭುದೇವ ಅವರನ್ನು ಯಾರೂ ನೆನೆಯಲಿಲ್ಲವೇ? ಭಾರತದ ಮೈಕೆಲ್ ಜಾಕ್ಸನ್. ಚೆನ್ನೈನವರಾದರೂ ನಮಗೆ ಹತ್ತಿರದವರು.

ದುರ್ಗದ ಕೀಬೋರ್ಡ್
ಚೆನ್ನೈನವರಲ್ಲ ತಮ್ಮ, ಹುಟ್ಟಿದ್ದು ಮೈಸೂರಿನಲ್ಲಿ. ತಂದೆ ಮೂಗೂರು ಸುಂದರ್, ಮೈಸೂರು ಜಿಲ್ಲೆಯ ಮೂಗೂರಿನವರು, ದಕ್ಷಿಣದ ಸಿನಿಮಾಗಳಿಗೆಲ್ಲ ಹೆಜ್ಜೆ ಕಲಿಸಿದ ನೃತ್ಯ ನಿರ್ದೇಶಕರು. ಮಗನ ಹೆಸರು ಊರಿಗೆಲ್ಲ ಗೊತ್ತು, ತಂದೆಯದು ಎಷ್ಟು ಜನರಿಗೆ ಗೊತ್ತು? ಇಲ್ಲಿ ನಡೆಯುತ್ತಿರುವ ಚರ್ಚೆಯೂ ಅದೇ.

ಹಗೇದಿಬ್ಬ ಹುಡುಗ
ಇದ್ದದ್ದು ಬೆಳೆದದ್ದು ಚೆನ್ನೈನಲ್ಲಿ ತಾನೇ, ನಾನು ಹೇಳಿದ್ದು ಅದನ್ನು. ಇರಲಿ, ಹಿಂದಕ್ಕೆ ಜಾರುವ ನಡಿಗೆಯನ್ನು ಮೈಕೆಲ್ ತಾನೇ ಕಂಡುಹಿಡಿದ ತಾನೇ?

ನಿಟುವಳ್ಳಿ ಕುಣಿತ
ಇಲ್ಲ, ಇದನ್ನು ನಾನೇ ಹೇಳಬೇಕು. ಬಿಲ್ ಬೇಲಿ ಎಂಬ ಟ್ಯಾಪ್ ನರ್ತಕ 1950ರ ದಶಕದಲ್ಲೇ ವೇದಿಕೆಯಿಂದ ಹಾಗೆ ಜಾರುತ್ತ ಹೊರಹೋಗುತ್ತಿದ್ದ, ಅದರ ಚಲನಚಿತ್ರ ಉಳಿದಿದೆ. ಶಾಲಮಾರ್ ತಂಡದ ಜೆಫ್ರಿ ಡೇನಿಯಲ್ 1982ರಲ್ಲಿ ಇಂಗ್ಲೆಂಡಿನ ದೂರದರ್ಶನದಲ್ಲಿ ಮಾಡಿ ಹೆಸರು ಮಾಡಿದ. ಬೀದಿ ನರ್ತಕರಿಂದ, ಡೇನಿಯಲ್‌ನಂಥವರಿಂದ ಮೈಕೆಲ್ ಕೇಳಿ ಕಲಿತ. 1983ರ ಮಾರ್ಚ್ 25ರಂದು ಮೋಟೌನ್ ಧ್ವನಿಮುದ್ರಣ ಸಂಸ್ಥೆಯ ಬೆಳ್ಳಿಹಬ್ಬದಲ್ಲಿ 'ಬಿಲೀ ಜೀನ್'ಗೆ ಕುಣಿಯುವಾಗ ಅದನ್ನು ಕೆಲವೇ ಸೆಕೆಂಡು ಮಾಡಿದ. ಮೇ 16ರಂದು ಅದು ಪ್ರಸಾರವಾದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಮೈಕೆಲ್‌ನ ಹೆಚ್ಚುಗಾರಿಕೆ ಎಲ್ಲಿ ಎಂದರೆ, ಇಡೀ ಹಾಡು ಕಾಯ್ದು, ಸರಿಯಾದ ತಾಳದ ಮೇಲೆ, ಸಾಕಷ್ಟೇ ಮಾಡಿ ಬಿಟ್ಟ. ನಮ್ಮ ಮಕ್ಕಳು ಹಾಡು ಶುರುವಾದಾಗಿನಿಂದ ಮುಗಿಯುವವರೆಗೂ ಜಾರುತ್ತಲೇ ಇರುತ್ತಾರೆ.

ಮೈಕೆಲ್ ಪೀಟರ್ಸ್ ಕೂಡ ನನ್ನ ಪಟ್ಟಿಯಲ್ಲಿದ್ದಾರೆ. 'ಬೀಟ್ ಇಟ್', 'ಥ್ರಿಲ್ಲರ್' ಎರಡರ ನೃತ್ಯ ಸಂಯೋಜನೆಯಲ್ಲಿ ಅವರ ಕೈಯಿದೆ. 'ಬೀಟ್ ಇಟ್'ನಲ್ಲಿ ಬಿಳಿ ಉಡುಪಿನ ತಂಡದ ನಾಯಕನಾಗಿ ಕಾಣುವವರೂ ಅವರೇ.

ಮೈಕ್ ಸೆಟ್ ರಸ್ತೆ
'ಬೀಟ್ ಇಟ್' ಎಂದ ಮೇಲೆ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್. ಗಿಟಾರ್ ಸೋಲೋಗೆ ಒಂದು ಕಾಸೂ ಮುಟ್ಟಲಿಲ್ಲ.

ಬಾಪೂಜಿ ಹಾಸ್ಟೆಲ್
ಕಾಸು ಮುಟ್ಟದವರ ಕಥೆ ಹೇಳುತ್ತೀರಿ, ಕಾಸು ಸಿಗದವರ ಕಥೆಯನ್ನೂ ಹೇಳಿ. 2018ರ ಸಂದರ್ಶನವೊಂದರಲ್ಲಿ ಕ್ವಿನ್ಸಿ ಏನೆಂದರು? ಮೈಕೆಲ್ ಬೇರೆಯವರ ಹಾಡುಗಳಿಂದ ಎತ್ತಿಕೊಂಡ, ಗ್ರೆಗ್ ಫಿಲಿಂಗೇನ್ಸ್ ಒಂದು ಹಾಡಿನ ಒಂದು ಭಾಗವನ್ನೇ ಬರೆದಿದ್ದರು, ಅವರಿಗೆ ಶೇಕಡಾ 10 ಪಾಲು ಕೊಡಬೇಕಿತ್ತು, ಕೊಡಲಿಲ್ಲ ಎಂದರು. ಸಾಯುವವರೆಗೆ ಜೊತೆಯಿದ್ದ ಗುರುವೇ ಹೀಗೆಂದರೆ?

ಮಂಡಿಪೇಟೆ ಕ್ಯಾಸೆಟ್
ಸಾಯುವವರೆಗೆ ಜೊತೆಯಿರಲಿಲ್ಲ. 'ಬ್ಯಾಡ್' ಆದ ಮೇಲೆ ಇಬ್ಬರೂ ಬೇರೆಯಾದರು. 1991ರ 'ಡೇಂಜರಸ್' ಆಲ್ಬಂಗೆ ನಿರ್ಮಾಪಕರಾಗಿ ಟೆಡ್ಡಿ ರೈಲಿ ಬಂದರು. ಮೈಕೆಲ್ ಹೋದ ಮೇಲೆ ಕ್ವಿನ್ಸಿ ತಮ್ಮ ಬಾಕಿಗಾಗಿ ಅವನ ಆಸ್ತಿಯನ್ನು ನೋಡಿಕೊಳ್ಳುವವರ ಮೇಲೆ ದಾವೆಯನ್ನೂ ಹೂಡಿದ್ದರು. 2017ರಲ್ಲಿ 94 ಲಕ್ಷ ಡಾಲರ್ ಕೊಡಬೇಕು ಎಂದು ತೀರ್ಪಾಯಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದರಲ್ಲಿ 69 ಲಕ್ಷ ಕಡಿತ ಮಾಡಿತು. ಆ ಸಂದರ್ಶನದಲ್ಲಿ ಆಡಿದ ಮಾತುಗಳಿಗೆ ಕ್ವಿನ್ಸಿ ಆಮೇಲೆ ಕ್ಷಮೆಯನ್ನೂ ಕೇಳಿದರು.

ಬಾಪೂಜಿ ಹಾಸ್ಟೆಲ್
ಕ್ಷಮೆ ಕೇಳಿದ್ದು ಮಾತಿನ ಒರಟುತನಕ್ಕೆ. ಫಿಲಿಂಗೇನ್ಸ್ ಪಾಲು ಸಿಗಲಿಲ್ಲ ಎಂಬ ದೂರು ಅಲ್ಲಿಗೆ ಅಳಿಸಿಹೋಗುವುದಿಲ್ಲ.

ದುರ್ಗದ ಕೀಬೋರ್ಡ್
ಇದನ್ನು ನಾನು ಒಪ್ಪುತ್ತೇನೆ. ಇದನ್ನೂ ಕಾರ್ಯಕ್ರಮದಲ್ಲಿ ಹೇಳಬೇಕು. ನಾನು ಕೀಬೋರ್ಡ್ ನುಡಿಸುವವನು, ತಾಲೀಮಿನಲ್ಲಿ ಹುಟ್ಟಿದ ಒಂದು ತುಣುಕು ಯಾರದು ಎಂಬ ಜಗಳ ನನಗೆ ಹೊಸದಲ್ಲ. ಅದೇ ಫಿಲಿಂಗೇನ್ಸ್ 'ಬ್ಯಾಡ್' ಪ್ರವಾಸಕ್ಕೆ ಸಂಗೀತ ನಿರ್ದೇಶಕರಾಗಿ ಹೋದರು ಎಂಬುದನ್ನೂ ಸೇರಿಸಿ ಹೇಳಿ. ಜೊತೆಗೆ ದುಡಿದವರ ನಡುವೆ ಮುನಿಸೂ ಇರುತ್ತದೆ, ಮರ್ಯಾದೆಯೂ ಇರುತ್ತದೆ. ಒಂದನ್ನೇ ಹೇಳಿದರೆ ಅರ್ಧ ಹೇಳಿದಂತೆ.

ಸರಸ್ವತಿ ಬಡಾವಣೆ ಓದುಗಿ
ನಾನು ಒಂದು ಕಷ್ಟದ ಮಾತು ಹೇಳುತ್ತೇನೆ, ಯಾರೂ ಬೇಸರಿಸಬೇಡಿ. ಮಕ್ಕಳ ವಿಷಯದಲ್ಲಿ ಅವನ ಮೇಲೆ ಬಂದ ಆರೋಪಗಳು? ಮಕ್ಕಳೇ ತುಂಬಿರುವ ಕಾರ್ಯಕ್ರಮ ನಿಮ್ಮದು.

ನಿಟುವಳ್ಳಿ ಕುಣಿತ
ಬೇಸರವಿಲ್ಲ ಮೇಡಂ. 2005ರಲ್ಲಿ ನ್ಯಾಯಾಲಯ ಎಲ್ಲ ಆರೋಪಗಳಿಂದ ಅವನನ್ನು ಬಿಡುಗಡೆ ಮಾಡಿತು. ಅವನು ಸತ್ತ ಮೇಲೆ ಬೇರೆಯವರು ಮತ್ತೆ ಆರೋಪ ಮಾಡಿದ್ದಾರೆ. ಪೋಷಕರು ಕೇಳಿದರೆ ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ. ನೋವು ತೋಡಿಕೊಂಡವರನ್ನು ಹೀಯಾಳಿಸುವ ಮಾತಿಗೆ ನಮ್ಮ ವೇದಿಕೆಯಲ್ಲಿ ಜಾಗವಿಲ್ಲ.

ಸರಸ್ವತಿ ಬಡಾವಣೆ ಓದುಗಿ
ಹಾಗಾದರೆ ಸರಿ. ನನ್ನ ಮಗಳನ್ನು ಕರೆದುಕೊಂಡು ಬರುತ್ತೇನೆ. ಆದರೆ ನೀವು 'ದೇವರು' ಎಂದು ಬ್ಯಾನರ್ ಹಾಕಬೇಡಿ.

ಕಂಪನಿ ನಾಟಕ ಪ್ರೇಮಿ
ನಾನು ವಯಸ್ಸಾದವನು, ಮೈಕೆಲ್ ಹಾಡು ಹೆಚ್ಚು ಕೇಳಿದವನಲ್ಲ. ಆದರೆ ಈ ಚರ್ಚೆ ಓದುತ್ತ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿ ನೆನಪಾಯಿತು. ದಾವಣಗೆರೆಗೆ ಹೆಸರು ತಂದ ಕಲಾವಿದೆ, 1988ರಲ್ಲಿ ಪದ್ಮಶ್ರೀ ಪಡೆದವರು. ಜನ ಅವರ ಅಭಿನಯವನ್ನು ಕೊಂಡಾಡುತ್ತಾರೆ, ಕೊಂಡಾಡಲೇಬೇಕು. ಆದರೆ ಕಂಪನಿ ನಾಟಕ ನೋಡಿದವರಿಗೆ ಗೊತ್ತು, ಹಾರ್ಮೋನಿಯಂ ಮೇಷ್ಟ್ರು ಕಾಲಿನಲ್ಲಿ ತಿದಿ ಒತ್ತುತ್ತ ನಟಿಯ ಉಸಿರನ್ನೇ ನೋಡುತ್ತಿರುತ್ತಾರೆ. ಅವರು ಮಾತಿನ ನಡುವೆ ತಡೆದರೆ ಇವರು ಒಂದು ಸ್ವರ ಹಿಡಿದು ಕಾಯುತ್ತಾರೆ. ತಬಲಾದವರು, ಪರದೆ ಎಳೆಯುವವರು, ಬಣ್ಣ ಹಚ್ಚುವವರು ಎಲ್ಲರೂ ಹಾಗೆಯೇ. ಮುಂಬಯಿಯಿಂದ ಬಂದ ತಮ್ಮ ಆ ಡ್ರಮ್ಸ್‌ನವರ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಕಂಡದ್ದು ಈ ಮೇಷ್ಟ್ರೇ.

ಕಾರ್ಯಕ್ರಮಕ್ಕೆ ನಮ್ಮೂರಿನ ಹಳೆಯ ವಾದಕರನ್ನೂ ಕರೆಯಿರಿ. ಭಾಷಣಕ್ಕಲ್ಲ, ನುಡಿಸಲಿಕ್ಕೆ.

ಮಂಡಿಪೇಟೆ ಕ್ಯಾಸೆಟ್
ಯಜಮಾನರೇ, ಬಹಳ ಒಳ್ಳೆಯ ಮಾತು. ಆ 91 ಸಲದ ಹಾಡನ್ನು ಹಾರ್ಮೋನಿಯಂನಲ್ಲಿ ಕೇಳಬೇಕು ಎಂಬ ಆಸೆ ಈಗಲೇ ಹುಟ್ಟಿದೆ.

ಹಗೇದಿಬ್ಬ ಹುಡುಗ
ವಿರಾಮದಲ್ಲಿ ಮಂಡಕ್ಕಿ ಮೆಣಸಿನಕಾಯಿ ಇರುತ್ತದೆಯೇ?

ಪಿ.ಬಿ. ರಸ್ತೆ ಪಯಣಿಗ
ಎರಡು ಗಂಟೆಯ ಕಾರ್ಯಕ್ರಮಕ್ಕೆ ಮಂಡಕ್ಕಿ ಸಾಕು. ಮುಗಿದ ಮೇಲೆ ಬೆಣ್ಣೆ ದೋಸೆಗೆ ಹೋಗುವವರು ಹೋಗಬಹುದು.

ನಿಟುವಳ್ಳಿ ಕುಣಿತ
ತಂಡದ ಹುಡುಗರಿಗೆ ಇದನ್ನೆಲ್ಲ ಓದಿ ಹೇಳಿದೆ. ಬೂಟಿನ ಪೇಟೆಂಟ್ ಮತ್ತು ಕ್ಯಾಸೆಟ್ ಮಗುಚಿದ ಕಥೆಗೆ ಎದ್ದು ಕೂತರು. ಈಗ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಪ್ರತಿ ಕಥೆಯ ಕೊನೆಗೆ ಅವರು ಕುಣಿಯಬೇಕಂತೆ. ಕುಣಿಯಲಿ. ನನ್ನ ಪಟ್ಟಿ: ಕ್ವಿನ್ಸಿ, ಸ್ವೀಡಿಯನ್, ಟೆಂಪರ್ಟನ್, ಫಿಲಿಂಗೇನ್ಸ್, ಪೀಟರ್ಸ್, ಡೇನಿಯಲ್, ಬುಷ್ ಮತ್ತು ಟಾಂಪ್ಕಿನ್ಸ್, ಮೊಫೆಟ್. ಹೊಲಿಗೆ ಅಕ್ಕ, ನಿಮ್ಮ ತಂದೆಯವರ ಹೆಸರನ್ನು ನನಗೆ ಖಾಸಗಿಯಾಗಿ ಕಳಿಸಿ, ವೇದಿಕೆಯ ಮೇಲೆ ಹೇಳುತ್ತೇವೆ.

ಕೆ.ಬಿ. ಬಡಾವಣೆ ಹೊಲಿಗೆ
ಕಳಿಸಿದ್ದೇನೆ. ಅಣ್ಣನನ್ನೂ ಕರೆದುಕೊಂಡು ಬರುತ್ತೇನೆ, ಅವನೇ ಹೇಳಲಿ.

ದುರ್ಗದ ಕೀಬೋರ್ಡ್
ಪಟ್ಟಿಯಲ್ಲಿ ಲೂಯಿಸ್ ಜಾನ್ಸನ್ ಎಲ್ಲಿ? 'ಬಿಲೀ ಜೀನ್' ಬೇಸ್ ಗಿಟಾರ್ ಅವರದು. ಮನೆಯಿಂದ ಒಂದೊಂದೇ ಗಿಟಾರ್ ತಂದು ನುಡಿಸಿ ತೋರಿಸಿದರು, ಮೈಕೆಲ್ ಕೇಳಿ ಕೇಳಿ ಯಮಾಹಾ ಒಂದನ್ನು ಆರಿಸಿದ. ಆ ಬೇಸ್ ಇಲ್ಲದೆ ಹಾಡೇ ಇಲ್ಲ. ಅವರನ್ನು ಬಿಟ್ಟರೆ ನಾನು ದುರ್ಗದಿಂದ ಬರುವುದೇ ಇಲ್ಲ.

ಮೈಕ್ ಸೆಟ್ ರಸ್ತೆ
ಸೇರಿಸಿ, ಸೇರಿಸಲೇಬೇಕು. ಆದರೆ ಒಂದು ಮಾತು. ನೀವು ಕಳೆದ ವರ್ಷ ಬಾಡಿಗೆಗೆ ತಂದಿದ್ದ ಸಣ್ಣ ಬಾಕ್ಸ್‌ಗಳಲ್ಲಿ ಬೇಸ್ ಕೇಳಿಸುವುದೇ ಇಲ್ಲ, ಬರೀ ಚಿಟಿಕೆ ಕೇಳಿಸುತ್ತದೆ. ಈ ಸಲ ನನ್ನ ದೊಡ್ಡ ಬಾಕ್ಸ್ ಎರಡನ್ನು ನಾನೇ ತರುತ್ತೇನೆ, ಬಾಡಿಗೆ ಬೇಡ. ಅಲ್ಲಿ ಮೂರು ಫೇಸ್ ಕರೆಂಟ್ ಸಂಪರ್ಕ ಇದೆಯೋ ಇಲ್ಲವೋ ಎಂದು ನಾಳೆಯೇ ಒಬ್ಬ ಹುಡುಗನನ್ನು ಕಳಿಸಿ ನೋಡಿಸಿ ತಿಳಿಸಿ.